ಅಪ್‌ಡೇಟ್: ಕೌನ್ಸಿಲ್ ಟ್ಯಾಕ್ಸ್ ಸೊನ್ನೆ ಆಯ್ತು

ಹೆಂಡತಿ ಇಂಗ್ಲೆಂಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ನಾನು ಡಿಪೆಂಡೆಂಟ್ ವೀಸಾದಲ್ಲಿ ಬಂದ ತಿಂಗಳೇ ಕೌನ್ಸಿಲ್ ಟ್ಯಾಕ್ಸ್ (ವಾಸದ ಮನೆಗೆ ಸ್ಥಳೀಯ ಆಡಳಿತ ಹಾಕುವ ತೆರಿಗೆ) ಬಿಲ್ ಬಂತು, 25% ಮಾತ್ರ ಕಡಿಮೆ ಮಾಡಿದ್ದಾರೆ, ಏನು ಮಾಡಲಿ ಅಂತ ಇಲ್ಲಿ ಪ್ರಶ್ನೆ ಹಾಕಿದ್ದೆ, ಅಲ್ವಾ?

ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ನೆರವು), ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ (ಕಡಿಮೆ ಆದಾಯದವರಿಗೆ ತೆರಿಗೆ ಕಡಿತ) ಎರಡೂ ಪಬ್ಲಿಕ್ ಫಂಡ್ಸ್, ಅಂದರೆ ನಮ್ಮಂಥ ವೀಸಾದವರು ಪಡೆಯುವಂತಿಲ್ಲದ ಸರ್ಕಾರಿ ನೆರವು, ಅರ್ಜಿ ಹಾಕಿದರೆ ವೀಸಾಕ್ಕೇ ತೊಂದರೆ ಅಂತ ನೀವು ಎಚ್ಚರಿಸಿದಿರಿ. ದೊಡ್ಡ ಉಪಕಾರ. ಫಾರ್ಮ್ ಅರ್ಧ ತುಂಬಿಬಿಟ್ಟಿದ್ದೆ.

ನಾವು ಕೇಳಬೇಕಿದ್ದದ್ದು ವಿದ್ಯಾರ್ಥಿ ವಿನಾಯಿತಿ. ಅದು ಬೆನಿಫಿಟ್ ಅಲ್ಲ. ಈ ತೆರಿಗೆಗೆ ಮನೆಯಲ್ಲಿ ಎಷ್ಟು ಜನ ಅಂತ ಎಣಿಸುವಾಗ ಫುಲ್‌ಟೈಮ್ ವಿದ್ಯಾರ್ಥಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ರಿಟಿಷ್ ಪ್ರಜೆಯಲ್ಲದ, ವೀಸಾ ಪ್ರಕಾರ ಬೆನಿಫಿಟ್ ಪಡೆಯುವಂತಿಲ್ಲದ ಗಂಡ ಅಥವಾ ಹೆಂಡತಿಯನ್ನೂ ಹಿಡಿಯುವುದಿಲ್ಲ. "ನೀವು ಕೆಲಸ ಮಾಡಬಹುದಲ್ವಾ?" ಅಂತ ಕೌನ್ಸಿಲ್‌ನವರು ಮೊದಲು ನನ್ನ ಅರ್ಜಿ ವಾಪಸ್ ಕಳಿಸಿದರು. ಯೂನಿವರ್ಸಿಟಿ ಪತ್ರದ ಜೊತೆ, ನನ್ನ ಇ-ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ ಅನ್ನುವ ಸಾಲಿಗೆ ಹಳದಿ ಗೆರೆ ಎಳೆದು ಮತ್ತೆ ಕಳಿಸಿದೆ.

ನಿನ್ನೆ ಹೊಸ ಬಿಲ್ ಬಂತು: 0 ಪೌಂಡ್. ಕಟ್ಟಿದ್ದ ಎರಡು ಕಂತೂ ವಾಪಸ್ ಬರುತ್ತಿದೆ.