ಪದ ಬೇಕು (ಅರ್ಜೆಂಟ್): ಚಳಿ ಊರಿನ ಮನೆಯ 'ಡ್ರಾಫ್ಟ್' ಮತ್ತು 'ಇನ್ಸುಲೇಷನ್'

ಎಲ್ಲರಿಗೂ ನಮಸ್ಕಾರ. ಕೆನಡಾದ ವಿನ್ನಿಪೆಗ್‌ನಿಂದ ಬರೀತಿದೀನಿ, ಶುಕ್ರವಾರ ಪ್ರಿಂಟಿಗೆ ಕೊಡ್ಬೇಕು, ಅದಕ್ಕೇ ಅವಸರ. ಸೂಪರ್ ವೀಸಾದಲ್ಲಿ (ಅಪ್ಪ ಅಮ್ಮ, ಅಜ್ಜ ಅಜ್ಜಿಗೆ ಕೊಡೋ ದೀರ್ಘಾವಧಿ ವೀಸಾ) ಮಕ್ಕಳ ಮನೆಗೆ ಬಂದಿರೋ ಅಪ್ಪ ಅಮ್ಮಂದಿರಿಗೆ ಅಂತ ಇಲ್ಲಿನ ಕನ್ನಡದವರು ಸೇರಿ ಒಂದು ಪುಟದ ಕರಪತ್ರ ಮಾಡ್ತಿದೀವಿ, ಹೀಟಿಂಗ್ ಖರ್ಚು ಕಮ್ಮಿ ಮಾಡೋದು ಹೇಗೆ ಅಂತ. ಹಗಲೆಲ್ಲ ಮನೇಲಿರೋರು ಅವರೇ, ಥರ್ಮೋಸ್ಟ್ಯಾಟ್ (ಮನೆ ಎಷ್ಟು ಬೆಚ್ಚಗಿರ್ಬೇಕು ಅಂತ ಹೊಂದಿಸೋ ಗುಂಡಿ) ಮುಟ್ಟೋರೂ ಅವರೇ, ಇಂಗ್ಲಿಷ್ ಓದಕ್ಕೆ ಬರದೇ ಇರೋರು ಸುಮಾರು ಜನ ಇದಾರೆ. ಜನವರಿ ರಾತ್ರಿ ಮೈನಸ್ 30ಕ್ಕೆ ಇಳಿಯೋದು ಇಲ್ಲಿ ಮಾಮೂಲು, ಕೆನಡಾದ ಮನೆಗಳಲ್ಲಿ ಖರ್ಚಾಗೋ ಎನರ್ಜೀಲಿ ಅರ್ಧಕ್ಕಿಂತ ಜಾಸ್ತಿ ಮನೆ ಬೆಚ್ಚಗಿಡೋದಕ್ಕೇ ಹೋಗತ್ತೆ.

ಸಿಕ್ಕಿಹಾಕ್ಕೊಂಡಿರೋದು ಎರಡು ಪದದಲ್ಲಿ. ಡ್ರಾಫ್ಟ್ ಅಂದ್ರೆ ಮುಚ್ಚಿರೋ ಕಿಟಕಿ ಬಾಗಿಲಿನ ಅಂಚಿಂದ, ಹೊರಗೋಡೆಯ ಪ್ಲಗ್ ಪಾಯಿಂಟಿಂದ ಒಳಗೆ ನುಗ್ಗೋ ತಣ್ಣನೆ ಗಾಳಿ. ಹಾಗೇ ಬಿಟ್ರೆ ಅಪ್ಪ ಬ್ಯಾಂಕಿನ ಡಿಡಿ ಅಂದ್ಕೋತಾರೆ. ಇನ್ಸುಲೇಷನ್ ಅಂದ್ರೆ ಮನೆ ಬಿಸಿ ಹೊರಗೆ ಹೋಗದ ಹಾಗೆ ಅಟ್ಟದಲ್ಲಿ, ಗೋಡೇಲಿ ತುಂಬಿಸೋದು. ಅದಕ್ಕೆ ನಿಘಂಟಲ್ಲಿ ನಿರೋಧನ, ಅವಾಹಕ ಎಲ್ಲ ಇದೆ, ಯಾವುದೂ ಅಮ್ಮನಿಗೆ ಅರ್ಥ ಆಗಲಿಲ್ಲ. ಮನೆ ಬಿಸಿ ಮಾಡೋ ಯಂತ್ರ ಫರ್ನೇಸ್‌ಗೆ ಕುಲುಮೆ ಅಂತಿದೆ, ಕುಲುಮೆ ಅಂದ್ರೆ ಕಮ್ಮಾರಂದಲ್ವಾ ಅಂದ್ರು ಅಮ್ಮ, ಅವರು ಹೇಳೋದು ಸರಿ, ಅದನ್ನ ಫರ್ನೇಸ್ ಅಂತಲೇ ಬಿಡ್ತೀನಿ.

———

ನಿರೋಧನ ಬೇಡವೇ ಬೇಡ. ಕಾವುಗಾಪು ಅನ್ನಿ. ಮೆಯ್ಗಾಪು (ಮೈಗಾವಲು) ಇದ್ದ ಹಾಗೆ, ಕಾವು + ಕಾಪು. ಇನ್ನೊಂದು ಸೊಗಸು ನೋಡಿ, ಕಾವು ಬಂದಿದ್ದು ಕಾಯ್ ಇಂದ, ಕಾಪು ಬಂದಿದ್ದೂ ಕಾಯ್ ಇಂದ. ಬೆಂಕಿ ಹಾಕ್ಕೊಂಡು ಮೈ ಕಾಯಿಸ್ತಾ ರಾತ್ರಿಯೆಲ್ಲ ಹೊಲ ಕಾಯೋನಿಗೆ ಎರಡೂ ಒಂದೇ ಕೆಲಸ, ಒಂದೇ ಬೇರು, ನಾನಿದನ್ನ ಎಷ್ಟೋ ಸಲ ಇಲ್ಲೇ ಬರೆದಿದೀನಿ. ಡ್ರಾಫ್ಟ್‌ಗೆ ಕುಳಿರ್ಗಾಳಿ, ಕುಳಿರ್ ಅಂದ್ರೆ ತಂಪು. ಹಳಗನ್ನಡದಲ್ಲಿ ಇರೋ ಪದಾನ ಬಿಟ್ಟು ಹೊಸದು ಹುಡುಕೋದು ಯಾಕೆ?

———

ಒಂದೇ ಬೇರು ಅಲ್ಲ ಸರ್. ಬರೋ–ಎಮೆನೋ ದ್ರಾವಿಡ ನಿಘಂಟಲ್ಲಿ ಬಿಸಿಯಾಗೋ ಕಾಯ್ ಬೇರೆ, ಕಾವಲಿನ ಕಾ/ಕಾಯ್ ಬೇರೆ. ತಮಿಳಲ್ಲೂ ಜ್ವರಕ್ಕೆ ಕಾಯ್ಚಲ್, ಕಾವಲಿಗೆ ಕಾವಲ್, ಒಂದಕ್ಕೊಂದು ಸಂಬಂಧ ಇಲ್ಲ. ಕನ್ನಡದಲ್ಲಿ ಉಚ್ಚಾರ ಒಂದಾಯ್ತು ಅಷ್ಟೆ.

ಕುಳಿರ್ಗಾಳಿ ಅಂದ್ರೆ ಬಯಲಲ್ಲಿ ಬೀಸೋದೂ ಕುಳಿರ್ಗಾಳಿನೇ, ಅದನ್ನ ನಿಲ್ಸೋಕೆ ಯಾರ ಕೈಲೂ ಆಗಲ್ಲ. ಅವರು ಕೇಳ್ತಿರೋ ಗಾಳೀಲಿ ಮುಖ್ಯ ಅದು ತಣ್ಣಗಿರೋದಲ್ಲ, ಸಂದೀಲಿ ಬರೋದು. ಸಂದುಗಾಳಿ ಅನ್ನಿ, ಓದಿದ ತಕ್ಷಣ ಎಲ್ಲಿ ಹುಡುಕ್ಬೇಕು ಅಂತಲೂ ಗೊತ್ತಾಗತ್ತೆ.

———

ಸಂದು ಸಂಸ್ಕೃತದ ಸಂಧಿ. ಸಂದುಗಾಳಿ ಅರಿಸಮಾಸ, ಸಂಸ್ಕೃತ ಕನ್ನಡ ಬೆರೆಸಿ ಕಟ್ಟಿದ ತಪ್ಪು ಸಮಾಸ. ಕಂಡಿಗಾಳಿ ಅನ್ನಿ. ಇಷ್ಟೂ ಗೊತ್ತಿಲ್ದೇ ಪದ ಕಟ್ಟೋಕೆ ಹೊರಟ್ರೆ ಕನ್ನಡ ಎಲ್ಲಿ ಉಳಿಯತ್ತೆ? ಒಂದೊಂದೇ ಅಂತ ಬಿಟ್ಟುಕೊಟ್ಟು ಬಿಟ್ಟುಕೊಟ್ಟೇ ನಮ್ಮ ಮನೆ ಒಳಗಿನ ಸಾಮಾನಿಗೂ ನಮ್ಮ ಹೆಸರಿಲ್ಲ ಈಗ. ಕಿಟಕಿ ಉತ್ತರದಿಂದ ಬಂತು, ಪರದೆ ರಜಾಯಿ ಪಾರ್ಸಿಯಿಂದ, ಇವತ್ತು ಇನ್ಸುಲೇಷನ್ನು, ನಾಳೆ ಚಳಿಗೂ ಕೋಲ್ಡ್ ಅಂತೀರ.

———

ಸಂದು ತದ್ಭವ, ತದ್ಭವಕ್ಕೆ ಅರಿಸಮಾಸದ ದೋಷ ಅಂಟಲ್ಲ, ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನ್ನ ಇನ್ನೊಂದ್ಸಲ ನೋಡಿ. ಹಿಂದಿನ ಕವಿಗಳು ಬಳಸಿದ ಅರಿಸಮಾಸವನ್ನೇ ಆತ ಒಪ್ಪಿದಾನೆ. ಅಲ್ದೇ ಕಂಡಿ ಅಂದ್ರೆ ತೂತು. ಸಂದು ಅಂದ್ರೆ ಎರಡು ವಸ್ತು ಕೂಡೋ ಜಾಗ, ಬಾಗಿಲೂ ಚೌಕಟ್ಟೂ ಕೂಡೋ ಜಾಗ. ಬೇರೆ ಬೇರೆ ಅರ್ಥ.

———

ನಾ ಧಾರವಾಡದಾಕಿ, ಟೊರಾಂಟೊದಾಗ ಮಗನ ಮನ್ಯಾಗ ಮೂರು ಚಳಿಗಾಲ ಕಳದೀನಿ, ಹಂಗಾಗಿ ಹೇಳ್ತೀನಿ. ಇಷ್ಟೆಲ್ಲಾ ಜಗಳ ಯಾಕ್ರಿ? ಅಟ್ಟಕ್ಕ ಕೌದಿ ಹೊದಸ್ರಿ ಅಂತ ಬರೀರಿ. ಕೌದಿ ತಾನಾಗಿ ಬಿಸಿ ಇರೂದಿಲ್ಲ, ನಮ್ಮ ಮೈ ಬಿಸಿನ ಹೊರಗ ಹೋಗದಂಗ ಹಿಡದು ಇಡತೈತಿ. ಆ ಅಟ್ಟದಾಗಿಂದು ಮಾಡೂದೂ ಅದ್ನ. ಮಗ ನನಗ ಇನ್ಸುಲೇಷನ್ ಅಂತ ಹತ್ತು ಸಲ ಹೇಳ್ಯಾನ, ತಿಳೀಲಿಲ್ಲ, ಮ್ಯಾಲೆ ಏಣಿ ಹಚ್ಚಿ ತೋರಿಸಿದಾಗ ನಾನ ಅಂದೆ, ಇದು ಮನಿಗೆ ಕೌದಿ ಹೊದಸಿದಂಗ ಐತೆಲ್ಲಪಾ ಅಂತ.

———

ಕೌದಿ ಆಡುಮಾತು, ಹೋಲಿಕೆ. ಪಾರಿಭಾಷಿಕ ಪದ ಅಲ್ಲ. ಕಾವುಗಾಪು ಅಂದಿದ್ದು ಅಂದಿದ್ದೇ.

———

ಎಲ್ಲರಿಗೂ ಥ್ಯಾಂಕ್ಸ್, ಕೇಳಿದೋನು ನಾನೇ. ಧಾರವಾಡದ ಅಮ್ಮ ಬರೆದಿದ್ದನ್ನ ನಮ್ಮಮ್ಮನಿಗೆ ಓದಿ ಹೇಳಿದೆ, ಅವರಿಗೆ ಅಲ್ಲೇ ಹೊಳೀತು, 'ಹಾಗಾದ್ರೆ ಅಟ್ಟದಲ್ಲಿ ತೆಳ್ಳಗಿದ್ರೆ ಹರಿದ ಕಂಬಳಿ ಹೊದ್ದ ಹಾಗೆ' ಅಂದ್ರು. ಇಲ್ಲಿನ ಹಳೇ ಮನೆ ಅಟ್ಟದಲ್ಲಿ ಒಂದು ಗೇಣೂ ಇರಲ್ಲ, ಈಗ ಆರ್-50ರ ತನಕ (ಆರ್ ಅಂದ್ರೆ ಬಿಸಿ ತಡೆಯೋ ಶಕ್ತಿಯ ಅಳತೆ) ತುಂಬಿಸಿ ಅಂತಾರೆ, ಸೆಲ್ಯುಲೋಸ್ (ಕಾಗದದ ಚೂರಿಂದ ಮಾಡಿದ್ದು) ಆದ್ರೆ ಹತ್ರ ಹತ್ರ 14–15 ಇಂಚು, ಮೊಳಕ್ಕೆ ಸ್ವಲ್ಪ ಕಮ್ಮಿ. ಕಾವುಗಾಪು ಚೆನ್ನಾಗಿದೆ ಸರ್, ಆದ್ರೆ ಅದನ್ನ ಓದಿದೋರಿಗೆ ಮತ್ತೆ ನಾನೇ ವಿವರಿಸ್ಬೇಕು. ಇನ್ಸುಲೇಷನ್ ಹಾಕೋ ಕಂಪನಿಗೆ ಫೋನ್ ಮಾಡುವಾಗ ಮಗಳು ಹೇಳೋ ಪದ ಅಮ್ಮನ ಕಿವಿಗೂ ಬಿದ್ದಿರಬೇಕಲ್ವಾ, ಅದಕ್ಕೆ ಮೊದಲ ಸಲ 'ಇನ್ಸುಲೇಷನ್ ಹೊದಿಕೆ' ಅಂತ, ಆಮೇಲೆ ಬರೀ 'ಹೊದಿಕೆ' ಅಂತ ಹಾಕ್ತಿದೀನಿ. ಅಟ್ಟ ಅನ್ನೋ ಪದ ಅಂತೂ ಈ ಮನೆಗಳಿಗೇ ಹೇಳಿ ಮಾಡಿಸಿದ ಹಾಗಿದೆ.

ಸಂದುಗಾಳಿ ಉಳೀತು. ಈ ಸಾಲು ನೋಡಿ, ಅಕ್ಷರ ತಪ್ಪಿದ್ರೆ ಹೇಳಿ:

"ಗಾಳಿ ಇರೋ ದಿನ ಒಂದು ಊದುಬತ್ತಿ ಹಚ್ಚಿ ಕಿಟಕಿ, ಬಾಗಿಲು, ಅಟ್ಟದ ಮುಚ್ಚಳ, ನೆಲಮಾಳಿಗೆಯ ಗೋಡೆ ಮೇಲಂಚು ಇಲ್ಲೆಲ್ಲ ನಿಧಾನಕ್ಕೆ ಹಿಡಿದುಕೊಂಡು ಹೋಗಿ. ಪರದೆಗೆ ತಾಗದಂತೆ ಜೋಪಾನ. ಹೊಗೆ ನೆಟ್ಟಗೆ ಏರದೆ ಅಲುಗಿದ ಕಡೆ ಸಂದುಗಾಳಿ ಇದೆ. ಬಿಸಿ ಗಾಳಿ ಮೇಲೇರಿ ಅಟ್ಟದ ಸಂದಿನಿಂದ ಹೊರಗೆ ಹೋಗುತ್ತದೆ, ಅದು ಹೋದಷ್ಟೂ ಕೆಳಗಿನ ಸಂದಿನಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ಆದ್ದರಿಂದ ಮೇಲಿನದನ್ನೂ ಕೆಳಗಿನದನ್ನೂ ಎರಡನ್ನೂ ಮುಚ್ಚಿಸಿ."

ಊದುಬತ್ತಿ ಎಲ್ಲರ ದೇವರ ಮನೇಲೂ ಇದ್ದೇ ಇರತ್ತೆ, ಅದಕ್ಕೇ ಅದನ್ನ ಮೊದಲು ಹಾಕಿದೀನಿ. ಥರ್ಮೋಸ್ಟ್ಯಾಟ್ ಹಾಗೇ ಬಿಟ್ಟೆ, 'ಮಲಗುವಾಗ ನಾಲ್ಕೈದು ಡಿಗ್ರಿ ಇಳಿಸಿ' ಅಂತ ಬರೆದಿದೀನಿ. ದಿನಕ್ಕೆ 8 ಗಂಟೆ ಅಷ್ಟು ಇಳಿಸಿದ್ರೆ ಹೀಟಿಂಗ್-ಕೂಲಿಂಗ್ ಖರ್ಚಲ್ಲಿ ವರ್ಷಕ್ಕೆ 10% ತನಕ ಉಳಿಯತ್ತೆ ಅಂತ ಅಮೆರಿಕದ ಇಂಧನ ಇಲಾಖೆ ಹೇಳತ್ತೆ. ಜಾಸ್ತಿ ಕಂಬಳಿ ಕೊಡಿ ಅಂತ ಮಕ್ಕಳಿಗೂ ಒಂದು ಸಾಲು ಸೇರಿಸಿದೆ, ವಯಸ್ಸಾದವರು ನಡುಗಿಕೊಂಡು ದುಡ್ಡು ಉಳಿಸೋದು ಬೇಡ.

ಇನ್ನೊಂದೇ ಬಾಕಿ. ಬಾಗಿಲ ಅಂಚಿಗೆ ಅಂಟಿಸೋ ರಬ್ಬರ್ ಪಟ್ಟಿ, ವೆದರ್‌ಸ್ಟ್ರಿಪ್. ಊರಲ್ಲಿ ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕ್ತಾರಲ್ಲ, ಅದಕ್ಕೆ ಯಾವ ಕಡೆಯಾದ್ರೂ ಒಂದು ಹೆಸರಿದ್ರೆ ಗುರುವಾರ ರಾತ್ರಿ ಒಳಗೆ ತಿಳಿಸಿ, ಇಲ್ದಿದ್ರೆ 'ಅಂಚುಪಟ್ಟಿ' ಅಂತ ಹಾಕ್ಬಿಡ್ತೀನಿ.

———

ಪಟ್ಟಿ ಸಂಸ್ಕೃತ.