ಅಪ್‌ಡೇಟ್: ವಾಲೆಟ್ ಟೂಲ್ ಕೊನೆಗೂ ಏಜೆಂಟ್‌ಗೆ ಕನೆಕ್ಟ್ ಆಯ್ತು

ಹೋದ ವಾರ ಕೇಳಿದ್ದೆ: ನಾನೇ ಬರೆದ ಎಂಸಿಪಿ ಸರ್ವರ್ (ಎಐಗೆ ಹೊರಗಿನ ಟೂಲ್ ಜೋಡಿಸೋ ಪ್ರೋಟೋಕಾಲ್‌ನ ಪ್ರೋಗ್ರಾಂ) ಮೂಲಕ ಕ್ರಿಪ್ಟೋ ವಾಲೆಟ್‌ನ ಎಐ ಏಜೆಂಟ್‌ಗೆ ಜೋಡಿಸಿದ ಕೂಡಲೇ ಜೇಸನ್ (ಸಂದೇಶ ಬರೆಯೋ ಡೇಟಾ ರೂಪ) ಎರರ್ ಬರುತ್ತೆ, ಯಾಕೆ ಅಂತ. ತಪ್ಪು ಸಿಕ್ಕಿತು. ಡೀಬಗ್‌ಗೆ ಹಾಕಿದ್ದ ಒಂದೇ ಒಂದು ಕನ್ಸೋಲ್.ಲಾಗ್! ಅದು ಬರೆಯೋ ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲಿ ಪ್ರೋಟೋಕಾಲ್ ಸಂದೇಶ ಮಾತ್ರ ಹೋಗಬೇಕು. ನನ್ನ "ವಾಲೆಟ್ ರೆಡಿ" ಅನ್ನೋ ಸಾಲು ಮಧ್ಯೆ ನುಗ್ಗುತ್ತಿತ್ತು. ಬೇರೆ ದಾರಿಗೆ (ಸ್ಟ್ಯಾಂಡರ್ಡ್ ಎರರ್‌ಗೆ) ಬರೆಯೋ ಕನ್ಸೋಲ್.ಎರರ್ ಅಂತ ಬದಲಿಸಿದೆ, ಸರಿಹೋಯ್ತು. ಲಾಗ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಆಮೇಲೆ ಇಥೀರಿಯಂನ ಪ್ರಯೋಗದ ನೆಟ್‌ವರ್ಕ್ ಆದ ಸೆಪೋಲಿಯಾ ಟೆಸ್ಟ್‌ನೆಟ್‌ನಲ್ಲಿ 1 ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ಟೋಕನ್) ಕಳಿಸು ಅಂದೆ. ಏಜೆಂಟ್ 1ರ ಪಕ್ಕ 18 ಸೊನ್ನೆ ಹಾಕಿತು. ಮೊತ್ತವನ್ನ ಟೋಕನ್‌ನ ಅತಿ ಚಿಕ್ಕ ಘಟಕದಲ್ಲಿ ಬರೀಬೇಕು: ಇಥೀರಿಯಂನ ನಾಣ್ಯ ಈಥರ್‌ಗೆ 18 ದಶಮಾಂಶ ಸರಿ, ಯುಎಸ್‌ಡಿಸಿಗೆ 6 ಮಾತ್ರ. ಬ್ಯಾಲೆನ್ಸ್ ಸಾಲದೆ ವ್ಯವಹಾರ ರಿವರ್ಟ್ (ರದ್ದು) ಆಯ್ತು, ಪುಣ್ಯ. ಈಗ ಆ ಲೆಕ್ಕ ಟೂಲ್ ಒಳಗೇ ಆಗುತ್ತೆ. ವ್ಯವಹಾರಕ್ಕೆ ಸಹಿ ಹಾಕೋ ಮುಂಚೆ ನನ್ನ ಒಪ್ಪಿಗೆ ಬೇಕೇ ಬೇಕು. ಪ್ರೈವೇಟ್ ಕೀ (ಸಹಿ ಹಾಕೋ ಗುಪ್ತ ಕೀಲಿ) ಏಜೆಂಟ್ ಕಣ್ಣಿಗೂ ಬೀಳಲ್ಲ. ಮೇನ್‌ನೆಟ್‌ಗೆ (ನಿಜವಾದ ಹಣದ ನೆಟ್‌ವರ್ಕ್‌ಗೆ) ಇನ್ನೂ ಕೈ ಹಾಕಿಲ್ಲ.