ಕೆಂಪು ಔಷಧಿ ಮುಗಿಯಿತು, ಸೋಮವಾರದಿಂದ ಪ್ಯಾಕ್ಲಿಟಾಕ್ಸೆಲ್: ಅನುಭವವಿದ್ದವರು ಹೇಳಿ

ತುಮಕೂರಿನಿಂದ, ಕೇಳುತ್ತಿರುವವಳು

ಅಮ್ಮನಿಗೆ 58 ವರ್ಷ, ಸ್ತನ ಕ್ಯಾನ್ಸರ್. ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಎಸಿ ಆಯಿತು, ಅಂದರೆ ಕೆಂಪು ಬಣ್ಣದ ಡಾಕ್ಸೊರುಬಿಸಿನ್, ಅದರ ಜೊತೆ ಸೈಕ್ಲೊಫಾಸ್ಫಮೈಡ್. ಬರುವ ಸೋಮವಾರದಿಂದ ಔಷಧಿ ಬದಲು: ಪ್ಯಾಕ್ಲಿಟಾಕ್ಸೆಲ್, ವಾರಕ್ಕೊಂದರಂತೆ ಹನ್ನೆರಡು. "ಇದು ಅದಕ್ಕಿಂತ ಹಗುರ" ಎಂದರು ಡಾಕ್ಟರು. ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದವರು "ಕೈಕಾಲು ಹಿಡಿಯುವುದೇ ಇದು" ಎಂದರು. ಅಮ್ಮ ನಂಬಿದ್ದು ಯಾರನ್ನು ಎಂದು ಬೇರೆ ಹೇಳಬೇಕಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ವಾಂತಿಯ ಜೊತೆ ಏಗುವುದನ್ನು ಮೂರು ತಿಂಗಳಲ್ಲಿ ಹೇಗೋ ಕಲಿತಿದ್ದೆವು. ಈಗ ಮತ್ತೆ ಒಂದನೇ ತರಗತಿಗೆ ಬಂದು ಕುಳಿತಂತಾಗಿದೆ. ಈ ದಾರಿಯಲ್ಲಿ ಹೋಗಿಬಂದವರು ದಯವಿಟ್ಟು ಹೇಳಿ.

ಮೈಸೂರಿನಿಂದ, ನಿವೃತ್ತ ಶಿಕ್ಷಕಿ

ತಂಗಿ, ಇಬ್ಬರೂ ಸುಳ್ಳು ಹೇಳಿಲ್ಲ. ಹೊಟ್ಟೆಗೆ ಇದು ಹಗುರ, ಬೆರಳಿಗೆ ಭಾರ.

ನನಗೂ ಇದೇ ನಾಲ್ಕು, ಇದೇ ಹನ್ನೆರಡು. ಮುಗಿದು ಎರಡು ವರ್ಷವಾಯಿತು. ಎಸಿಯ ಲೆಕ್ಕವನ್ನೇ ಇದಕ್ಕೂ ಹಾಕಿದ್ದು ನನ್ನ ಮೊದಲ ತಪ್ಪು. ಎಸಿಯಲ್ಲಿ ಮೊದಲ ಮೂರು ದಿನ ಬಕೆಟ್ಟಿನ ಪಕ್ಕದಲ್ಲಿ, ಹತ್ತನೇ ದಿನದ ಹೊತ್ತಿಗೆ ಬಿಳಿ ರಕ್ತಕಣ ತಳ ಮುಟ್ಟಿ ಬಾಯಿಹುಣ್ಣು, ಮೂರನೇ ವಾರಕ್ಕೆ ಮತ್ತೆ ಮನುಷ್ಯಳಾಗುತ್ತಿದ್ದೆ. ಆ ಅಭ್ಯಾಸದಲ್ಲಿ ಪ್ಯಾಕ್ಲಿಟಾಕ್ಸೆಲ್ ಹಾಕಿಸಿಕೊಂಡು ಬಂದ ರಾತ್ರಿಯೂ ಬಕೆಟ್ ಇಟ್ಟುಕೊಂಡು ಮಲಗಿದೆ. ವಾಂತಿ ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಡ್ರಿಪ್‌ಗೆ ಮುಂಚೆ ಕೊಡುವ ಸ್ಟೀರಾಯ್ಡಿನ ಕೆಲಸ ಅದು. ಬೆಳಗಿನ ಜಾವ ಮೂರಕ್ಕೆ ಎದ್ದು ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದು ಬೋರಲು ಹಾಕಿದೆ. ಗುಣವೇ ಆಗಿಬಿಟ್ಟಿತೆಂದು ಬೀಗಿದೆ. ಮೂರನೇ ದಿನ ತೊಡೆ, ಮಂಡಿ, ಸೊಂಟದ ಮೂಳೆಯೊಳಗೆ ಗೂಟ ಬಡಿದಂಥ ನೋವು. ಚಿಕುನ್‌ಗುನ್ಯ ಬಂದು ಹೋದವರಿಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಐದನೇ ದಿನಕ್ಕೆ ಇಳಿಯಿತು. ಮುಂದಿನ ವಾರವೂ ಅದೇ ದಿನ, ಅದೇ ನೋವು. ಆಮೇಲೆ ಬುದ್ಧಿ ಬಂದು, ಬ್ಯಾಂಕು, ನೆಂಟರು, ತರಕಾರಿ ಎಲ್ಲವನ್ನೂ ಆರನೇ ದಿನಕ್ಕೆ ಇಟ್ಟುಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಚೌಕದೊಳಗೇ ಬರೆಯುತ್ತಿದ್ದೆ: "ನಿ" ಅಂದರೆ ನಿದ್ದೆಯಿಲ್ಲ, "ಮೂ" ಅಂದರೆ ಮೂಳೆ ನೋವು, "ಬೆ" ಅಂದರೆ ಬೆರಳು.

ಮೊದಲ ದಿನದ ಬಗ್ಗೆ ಒಂದು ಮಾತು. ಈ ಔಷಧಿ ನೀರಿನಲ್ಲಿ ಕರಗುವುದಿಲ್ಲವಂತೆ. ಅದಕ್ಕೆ ಸಂಸ್ಕರಿಸಿದ ಹರಳೆಣ್ಣೆ ಮತ್ತು ಆಲ್ಕೋಹಾಲ್ ಬೆರೆಸಿ ಕರಗಿಸುತ್ತಾರೆ. ಚಿಕ್ಕಂದಿನಲ್ಲಿ ಅಜ್ಜಿ ಹರಳೆಣ್ಣೆಯ ಒಳಲೆ ಹಿಡಿದು ಹಿತ್ತಲೆಲ್ಲ ಅಟ್ಟಿಸಿಕೊಂಡು ಬರುತ್ತಿದ್ದಳು. ಅರವತ್ತು ವರ್ಷದ ಮೇಲೆ ಅದು ನೇರ ರಕ್ತನಾಳಕ್ಕೇ ಬಂತು. ಕೆಲವರ ಮೈ ಆ ಎಣ್ಣೆಗೆ ಜಗಳ ತೆಗೆಯುತ್ತದೆ, ಹೆಚ್ಚಾಗಿ ಮೊದಲ ಅಥವಾ ಎರಡನೇ ಸಲ, ಅದೂ ಶುರುವಾದ ಕೆಲವೇ ನಿಮಿಷಗಳಲ್ಲಿ. ಸ್ಟೀರಾಯ್ಡ್, ಅಲರ್ಜಿಗೆ ಕೊಡುವ ಏವಿಲ್, ಅಸಿಡಿಟಿ ತಗ್ಗಿಸುವ ಇಂಜೆಕ್ಷನ್ ಮೊದಲೇ ಕೊಡುವುದು ಅದಕ್ಕೇ. ನನಗೆ ಎರಡನೇ ವಾರ ಮುಖಕ್ಕೆ ಬಿಸಿ ಹಬೆ ಬಡಿದಂತಾಗಿ ಎದೆ ಹಿಡಿಯಿತು. "ಸಿಸ್ಟರ್" ಎಂದು ಕೂಗಲು ಸಂಕೋಚಪಟ್ಟು ಅರ್ಧ ನಿಮಿಷ ಕಳೆದೆ. ಅವರು ಓಡಿ ಬಂದು ಡ್ರಿಪ್ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ಡಾಕ್ಟರ್ ನೋಡಿದ ಮೇಲೆ ನಿಧಾನವಾಗಿ ಮತ್ತೆ ಶುರುಮಾಡಿದರು. ಆಮೇಲೆ ಹತ್ತು ಸಲವೂ ತೊಂದರೆಯಾಗಲಿಲ್ಲ. ಅಮ್ಮನಿಗೆ ಹೇಳಿ: ಅಲ್ಲಿ ಸಂಕೋಚ ಬೇಡ, ಕೂಗಬೇಕು.

ಇನ್ನು ಬೆರಳು. ದಿನವೂ ಸಂಜೆ ದೇವರಿಗೆ ಒಂದು ಮೊಳ ಮಲ್ಲಿಗೆ ಕಟ್ಟುವುದು ನನ್ನ ರೂಢಿ. ಆರನೇ ವಾರದ ಒಂದು ಸಂಜೆ ದಾರದ ಕುಣಿಕೆ ಬೆರಳಿಗೆ ಸಿಗುತ್ತಿಲ್ಲ. ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಿಳಿಯುವುದಿಲ್ಲ. ಹೂವು ಕುಣಿಕೆಯಲ್ಲಿದೆಯೋ ನೆಲದಲ್ಲಿದೆಯೋ ಎಂದು ಬಗ್ಗಿ ನೋಡಿ ಕಟ್ಟುವ ಪರಿಸ್ಥಿತಿ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಔಷಧಿ ಕಡಿಮೆ ಮಾಡುತ್ತಾರೆ, ಹನ್ನೆರಡು ಪೂರ್ತಿಯಾಗುವುದಿಲ್ಲ, ಕಾಯಿಲೆ ವಾಪಸ್ ಬರುತ್ತದೆ ಎಂಬ ಭಯ. ಡಾಕ್ಟರು ಪ್ರತಿ ಸಲ "ರವಿಕೆಯ ಹುಕ್ಕು ನೀವೇ ಹಾಕಿಕೊಳ್ಳುತ್ತೀರಾ?" ಎಂದು ಕೇಳುತ್ತಿದ್ದರು. ಹೂಂ ಎನ್ನುತ್ತಿದ್ದೆ. ಹಾಕುತ್ತಿದ್ದವಳು ಸೊಸೆ. ಒಂಬತ್ತನೇ ವಾರ ಅವಳೇ ಬಾಯಿ ಬಿಟ್ಟಳು. ಡಾಕ್ಟರು ಬೈಯಲಿಲ್ಲ, ಒಂದು ವಾರ ಬಿಡುವು ಕೊಟ್ಟು, ಡೋಸ್ ತಗ್ಗಿಸಿ ಮುಂದುವರಿಸಿದರು. ಈಗ ಕೈ ಸರಿಹೋಗಿದೆ. ಕಾಲಿನ ತುದಿಯಲ್ಲಿ ಮಾತ್ರ ಬರಿಗಾಲಿದ್ದರೂ ಕಾಲುಚೀಲ ಹಾಕಿಕೊಂಡಂತೆ ಅನ್ನಿಸುತ್ತದೆ. ಆರನೇ ವಾರವೇ ಹೇಳಿದ್ದರೆ ಇದೂ ಇರುತ್ತಿರಲಿಲ್ಲವೇನೋ. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರಮ್ಮ ನಾನು, ನೋಡಿ.

ಹಾಸನದ ಹತ್ತಿರದ ಹಳ್ಳಿಯಿಂದ, ರೈತ

ನನ್ನ ಮನೆಯವಳಿಗೂ ಸಕ್ಕರೆ ಕಾಯಿಲೆ, ಆದ್ದರಿಂದ ಬರೆಯುತ್ತಿದ್ದೇನೆ. ಸ್ಟೀರಾಯ್ಡ್ ಕೊಟ್ಟ ದಿನ ಮತ್ತು ಮರುದಿನ ಸಕ್ಕರೆ 300 ದಾಟುತ್ತಿತ್ತು. ಮೊದಲ ವಾರ ಊಟದ್ದೇ ತಪ್ಪೆಂದು ಅವಳ ಮುದ್ದೆ ಕಸಿದುಕೊಂಡಿದ್ದೆ, ಪಾಪ. ಮನೆಯಲ್ಲೇ ಗ್ಲುಕೋಮೀಟರಿನಲ್ಲಿ ನೋಡಿ ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿದೆವು. ಆ ಎರಡು ದಿನಕ್ಕೆ ಮಾತ್ರ ಇನ್ಸುಲಿನ್ ಹೆಚ್ಚಿಸಿಕೊಟ್ಟರು. ಸಕ್ಕರೆ ಕಾಯಿಲೆಯಿಂದ ಮೊದಲೇ ಕಾಲು ಜುಮ್ಮೆನ್ನುತ್ತಿದ್ದರೆ ಅದನ್ನು ಸೋಮವಾರಕ್ಕೆ ಮುಂಚೆಯೇ ಡಾಕ್ಟರಿಗೆ ಹೇಳಿ. ನಾವು ಹೇಳಿರಲಿಲ್ಲ.

ಇನ್ನೊಂದು. ನಮ್ಮದು ಸೌದೆ ಒಲೆಯ ಬಚ್ಚಲು, ಹಂಡೆಯ ನೀರು. ಏಳನೇ ವಾರ ಅವಳು ತಂಬಿಗೆಯಲ್ಲಿ ಮೊಗೆದು ಕಾಲಿಗೆ ಸುರಿದುಕೊಂಡಳು. ಬಿಸಿ ಎನ್ನಿಸಲೇ ಇಲ್ಲ. ಸಂಜೆಗೆ ಪಾದದ ಮೇಲೆ ಗುಳ್ಳೆ ಎದ್ದಾಗಲೇ ಗೊತ್ತಾದದ್ದು. ಅಂದಿನಿಂದ ನೀರು ಬೆರೆಸುವುದು ನಾನೇ, ನೋಡುವುದು ಮೊಣಕೈಯಿಂದ. ಮನೆಯೊಳಗೂ ಚಪ್ಪಲಿ. ನಮ್ಮ ತಾಯಿಗೆ ಅದು ಸರಿಬರಲಿಲ್ಲ, ದೇವರ ಮನೆಯ ಹೊಸ್ತಿಲಲ್ಲಿ ದಿನವೂ ಜಗಳ. ಅಂಗಡಿಯಿಂದ ಹೊಸ ಜೊತೆ ತಂದು, ಹೊರಗೆ ಮೆಟ್ಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಸುಮ್ಮನಾದರು.

ಮೂರು ವಾರಕ್ಕೊಮ್ಮೆ ಹೋಗುವುದಕ್ಕೂ ವಾರವಾರ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದಿರುವುದರಿಂದ ಖರ್ಚು ಅರ್ಧ ಉಳಿಯಿತು. ಆದರೆ ಏವಿಲ್ ಹಾಕಿಸಿಕೊಂಡವರು ವಾಪಸ್ ಬರುವಾಗ ಕುಳಿತಲ್ಲೇ ತೂಕಡಿಸುತ್ತಾರೆ. ಒಬ್ಬರನ್ನೇ ಕಳಿಸಬೇಡಿ.

ಮಂಗಳೂರಿನಿಂದ, ಕೀಮೋ ಡೇ ಕೇರ್‌ನಲ್ಲಿ ನರ್ಸ್ ಆಗಿದ್ದವಳು

ಮೇಲಿನ ಇಬ್ಬರೂ ಹೇಳಿದ್ದು ನಾನು ದಿನವೂ ಕಂಡದ್ದೇ. ಅವರು ಬಿಟ್ಟಿರುವುದನ್ನಷ್ಟೇ ಸೇರಿಸುತ್ತೇನೆ.

ಮೂಳೆ ನೋವಿಗೆ ಪ್ಯಾರಾಸಿಟಮಾಲ್ ನುಂಗುವ ಮುಂಚೆ ಥರ್ಮಾಮೀಟರ್ ಇಟ್ಟು ನೋಡಿ. ಆ ಮಾತ್ರೆ ಜ್ವರವನ್ನು ಮುಚ್ಚಿಬಿಡುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಹನ್ನೆರಡಾದರೂ ಆಸ್ಪತ್ರೆಗೆ ಹೊರಡಬೇಕು. ಬಿಳಿ ರಕ್ತಕಣ ಇಳಿದಿರುವಾಗ ಬರುವ ಜ್ವರ ಬೆಳಗಿನವರೆಗೆ ಕಾಯುವಂಥದ್ದಲ್ಲ. ಹೊರಡುವಾಗ ಫೋನ್ ಮಾಡಿ "ಕೀಮೋ ರೋಗಿ, ಜ್ವರ" ಎಂದು ತಿಳಿಸಿ.

ನರಕ್ಕೆ ಒಳ್ಳೆಯದೆಂದು ಮೆಡಿಕಲ್ ಸ್ಟೋರ್‌ನವರು ಕೊಡುವ ಮಾತ್ರೆಗಳ ಚೀಟಿಯನ್ನು ಓದಿ. ಅಸಿಟೈಲ್ ಎಲ್ ಕಾರ್ನಿಟಿನ್ ಎಂದಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಪ್ಯಾಕ್ಲಿಟಾಕ್ಸೆಲ್ ಜಾತಿಯ ಔಷಧಿ ಪಡೆಯುತ್ತಿದ್ದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಜೋಮು ತಡೆಯುತ್ತದೆಯೇ ಎಂದು ಅದನ್ನು ಪರೀಕ್ಷಿಸಿದಾಗ ಜೋಮು ಹೆಚ್ಚೇ ಆಗಿತ್ತು. ಫಲಿತಾಂಶ 2013ರಲ್ಲಿ ಪ್ರಕಟವಾಗಿದೆ. ನೆಂಟರು ತರುವ ಅಮೃತಬಳ್ಳಿ ಕಷಾಯವೂ ಬೇಡ. ಅದರಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ, ಪ್ಯಾಕ್ಲಿಟಾಕ್ಸೆಲನ್ನು ಮೈಯಿಂದ ಹೊರಹಾಕಬೇಕಾದದ್ದು ಅದೇ ಯಕೃತ್ತು. ಕಷಾಯ ತಂದವರ ಮನಸ್ಸು ನೋಯಿಸಲಾರಿರಿ ಎಂದಾದರೆ ತೆಗೆದುಕೊಂಡು ತೆಂಗಿನ ಬುಡಕ್ಕೆ ಸುರಿಯಿರಿ.

ಡ್ರಿಪ್ ಹೋಗುವಾಗ ಜೋಮು ತಡೆಯಲೆಂದು ಕೈಕಾಲಿಗೆ ಐಸ್ ಗವಸು ಹಾಕುವ ರೂಢಿ ಕೆಲವೆಡೆ ಇದೆ. ಕೆಲವು ಪರೀಕ್ಷೆಗಳಲ್ಲಿ ಅನುಕೂಲ ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಬೇಕೆನಿಸಿದರೆ ನಿಮ್ಮ ಡಾಕ್ಟರನ್ನು ಕೇಳಿ. ಐಸನ್ನು ಬರಿ ಚರ್ಮಕ್ಕೆ ಒತ್ತಬೇಡಿ. ಜೋಮು ಉರಿಯಾಗಿ, ನೋವಾಗಿ ತಿರುಗಿದರೆ ಅದಕ್ಕೆ ಡುಲೋಕ್ಸೆಟಿನ್ ಎಂಬ ಮಾತ್ರೆಯಿದೆ, ಡಾಕ್ಟರೇ ಬರೆದುಕೊಡಬೇಕು. ಎಣ್ಣೆಗೆ ಮೈ ತೀರಾ ಒಗ್ಗದಿದ್ದರೆ ಹರಳೆಣ್ಣೆಯಿಲ್ಲದೆ ಆಲ್ಬುಮಿನ್ ಪ್ರೋಟೀನಿಗೆ ಕಟ್ಟಿದ ಪ್ಯಾಕ್ಲಿಟಾಕ್ಸೆಲೂ ಸಿಗುತ್ತದೆ, ಬೆಲೆ ಹೆಚ್ಚು.

ಮೇಷ್ಟ್ರಮ್ಮ ಹೇಳಿದ ಹುಕ್ಕಿನ ಸುಳ್ಳನ್ನು ನಾನು ನೂರಾರು ಸಲ ಕೇಳಿದ್ದೇನೆ. ಒಂದು ಡೋಸ್ ತಗ್ಗಿಸುವುದು, ಒಂದು ವಾರ ಮುಂದೂಡುವುದು ಚಿಕಿತ್ಸೆಯ ಸೋಲಲ್ಲ. ಆ ನಿರ್ಧಾರ ಸರಿಯಾಗಬೇಕಾದರೆ ರೋಗಿ ನಿಜ ಹೇಳಿರಬೇಕು.

ಕಲಬುರಗಿಯಿಂದ, ಮಗ

ನಮ್ಮದು ಬೇರೆ ಕ್ಯಾನ್ಸರ್, ಬೇರೆ ಔಷಧಿ. ಆದರೂ ಬದಲಾವಣೆಯ ಪಾಠ ಒಂದೇ ಎನ್ನಿಸಿ ಹೇಳುತ್ತಿದ್ದೇನೆ. ಅಪ್ಪನಿಗೆ ದೊಡ್ಡ ಕರುಳಿನದು. ಮೊದಲು ಆಕ್ಸಾಲಿಪ್ಲಾಟಿನ್ ಇತ್ತು. ಅದಕ್ಕೆ ತಣ್ಣನೆಯದೆಂದರೆ ಆಗದು: ಫ್ರಿಜ್ ಬಾಗಿಲು ಮುಟ್ಟಿದರೆ ಕರೆಂಟ್ ಹೊಡೆದಂತೆ, ಮಡಕೆಯ ನೀರು ಗುಟುಕರಿಸಿದರೆ ಗಂಟಲು ಕಟ್ಟಿದಂತೆ. ನಮ್ಮೂರಿನ ಮೇ ತಿಂಗಳಲ್ಲಿ ಬಿಸಿನೀರು ಕುಡಿಯುವ ಸಂಕಟ ಊಹಿಸಿಕೊಳ್ಳಿ. (ಸಿಸ್ಟರ್ ಹೇಳಿದ ಐಸ್ ಗವಸನ್ನು ಆಕ್ಸಾಲಿಪ್ಲಾಟಿನ್ ಪಡೆಯುವವರು ನಕಲು ಮಾಡಬೇಡಿ.) ಆಮೇಲೆ ಅದನ್ನು ಬಿಟ್ಟು ಇರಿನೋಟೆಕಾನ್ ಕೊಟ್ಟರು. ಅಪ್ಪ ಆಗಲೂ ಹಳೆಯ ಹೆದರಿಕೆಯಲ್ಲೇ ಕೈಗವಸು ಹಾಕಿಕೊಂಡು ಹಾಲಿನ ಪ್ಯಾಕೆಟ್ ಎತ್ತುತ್ತಿದ್ದರು. ಹೊಸ ಔಷಧಿಯ ಕಾಟ ಭೇದಿ. ನಾಲ್ಕನೇ ದಿನ ಶುರುವಾದಾಗ ಮದುವೆ ಊಟದ್ದೆಂದುಕೊಂಡು ಒಂದು ದಿನ ಕಾದೆವು. ಮರುದಿನ ಎದ್ದು ನಿಲ್ಲಲಾರದೆ ಬಚ್ಚಲಲ್ಲಿ ಕುಸಿದರು, ಮೂರು ದಿನ ಆಸ್ಪತ್ರೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯ ಚೀಟಿ ಜೇಬಿನಲ್ಲೇ ಇತ್ತು, ಯಾವಾಗ ಶುರುಮಾಡಬೇಕೆಂದು ಕೇಳಿಕೊಂಡಿರಲಿಲ್ಲ. ಔಷಧಿ ಬದಲಾದ ದಿನ "ಇದರಲ್ಲಿ ಏನಾದರೆ ನಿಮಗೆ ತಕ್ಷಣ ಫೋನ್ ಮಾಡಬೇಕು?" ಎಂದು ಕೇಳಿ ಬರೆದುಕೊಳ್ಳಿ.

ರೈಲಿನಲ್ಲಿ ಬರುವವರಿಗೆ: ಚಿಕಿತ್ಸೆಗಾಗಿ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ-ಟಯರ್ ಎಸಿ ಬೋಗಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವವರಿಗೆ ಶೇ 75. ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ತುಮಕೂರಿನಿಂದ, ಮತ್ತೆ

ಎಲ್ಲರಿಗೂ ನಮಸ್ಕಾರ. ಆರು ಮುಗಿಯಿತು. ಮೊದಲ ಎರಡು ಸಲ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು, ಏನೂ ಆಗಲಿಲ್ಲ. ಸಕ್ಕರೆ ಒಮ್ಮೆ 340ಕ್ಕೆ ಹೋಗಿ, ಸಕ್ಕರೆ ಕಾಯಿಲೆಯ ಔಷಧಿ ಬದಲಿಸಿದ ಮೇಲೆ ಹತೋಟಿಗೆ ಬಂದಿದೆ. ಮೂರನೇ ದಿನದ ನೋವು ಮೈಸೂರಿನ ಅಕ್ಕ ಹೇಳಿದ ದಿನಕ್ಕೇ ಬಂತು. "ಹೇಳಿ ಕಳಿಸಿದ ಹಾಗೆ ಬಂತಲ್ಲೇ" ಎಂದು ಅಮ್ಮ ನಕ್ಕರು.

ಪ್ರತಿ ಭಾನುವಾರ ಸಂಜೆ ಅವರ ಕೈಗೆ ಒಂದು ಹಿಡಿ ಮಲ್ಲಿಗೆ, ದಾರ ಕೊಟ್ಟು ಕೂರಿಸುತ್ತೇನೆ. ಮೊದಲ ವಾರ ಒಂದು ಮೊಳಕ್ಕೆ ಹನ್ನೊಂದು ನಿಮಿಷ ಹಿಡಿದಿತ್ತು. ನಿನ್ನೆ ಹದಿನೆಂಟು. "ಮೊಗ್ಗು ಸಣ್ಣದಿತ್ತು, ದಾರವೂ ಸರಿಯಿಲ್ಲ" ಎಂದರು. ನಾನು ವಾದಿಸಲಿಲ್ಲ. ಕ್ಯಾಲೆಂಡರಿನಲ್ಲಿ 18 ಎಂದು ಬರೆದೆ, ಪಕ್ಕದಲ್ಲಿ "ಬೆ" ಎಂದೂ ಬರೆದೆ. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ನೋಡಿದರೆ, ಆ ಹಾಳೆಯನ್ನು ಅಮ್ಮ ತಾವೇ ಹರಿದು ಮಡಚಿ ಫೈಲಿನೊಳಗೆ ಇಟ್ಟುಕೊಂಡಿದ್ದರು.